ಎಕ್ಸ್‌ರೇಯಲ್ಲಿ ಕಾಣದ ಮುಳ್ಳು: ನಮ್ಮ ಕೆಂಚನ ನಾಲ್ಕು ತಿಂಗಳು

ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮನೆ ಮುಂದೆ ತೆಂಗಿನ ತೋಟ, ಹಿಂದೆ ಬೇಲಿ, ಬೇಲಿ ದಾಟಿದರೆ ಕಾವಲು. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನ ಮೇಯಲಿ ಅಂತ ಬಿಟ್ಟಿದ್ದ ಹುಲ್ಲುಗಾವಲು ಅದು. ಮಳೆಗಾಲದಲ್ಲಿ ಹಸಿರು, ಕಾರ್ತೀಕ ಕಳೆಯುತ್ತಿದ್ದಂತೆ ಕೆಂಪಗೆ, ಆಮೇಲೆ ಹೊಂಬಣ್ಣ. ನೋಡೋಕೆ ಬಹಳ ಚೆಂದ. ಆ ಹುಲ್ಲಿನ ಒಂದು ಮುಳ್ಳು ನಮ್ಮ ಬೆಕ್ಕನ್ನು ಸಾವಿನ ಬಾಗಿಲಿಗೆ ತಂದು ನಿಲ್ಲಿಸಿತು ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ.

ಬೆಕ್ಕಿನ ಹೆಸರು ಕೆಂಚ. ಕೆಂಪು ಬಣ್ಣ, ಬಾಲದ ತುದಿ ಸ್ವಲ್ಪ ಬಿಳಿ. ನಮ್ಮ ಕಡೆ ಬೆಕ್ಕು ಸಾಕೋದು ಮುದ್ದಿಗೆ ಮಾತ್ರ ಅಲ್ಲ. ಉಂಡೆ ಕೊಬ್ಬರಿಗೆ ಅಂತ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡಬೇಕು. ಅಷ್ಟು ದಿನ ಇಲಿ, ಹೆಗ್ಗಣದಿಂದ ಕಾಪಾಡಬೇಕು. ಕೆಂಚ ಬಂದ ಮೇಲೆ ಅಟ್ಟದಲ್ಲಿ ಇಲಿ ಸದ್ದೇ ನಿಂತಿತ್ತು. ಅವನು ನಮ್ಮ ಮನೆಯ ದುಡಿಯುವ ಆಳು ಅಂತ ನಮ್ಮ ಅತ್ತೆ ಹೇಳೋರು. ಅದಕ್ಕೇ ಬೆಳಗ್ಗೆ ಹಾಲು ಕರೆದ ತಕ್ಷಣ ಮೊದಲ ಪಾಲು ಅವನಿಗೆ.

ಹೋದ ಸಂಕ್ರಾಂತಿ ಸಮಯ. ಎಳ್ಳು ಬೀರಲು ಕೊಬ್ಬರಿ ಹೆಚ್ಚುತ್ತಾ ಕೂತಿದ್ದೆ. ಕೆಂಚ ಬೇಲಿ ಕಡೆಯಿಂದ ಓಡಿ ಬಂದ, ಕತ್ತು ಮುಂದಕ್ಕೆ ಚಾಚಿ, ಮೈ ನೆಲಕ್ಕೆ ತಗ್ಗಿಸಿ ಕೆಮ್ಮಿದ. ಬೆಕ್ಕು ಕೂದಲುಂಡೆ ಕಕ್ಕುವಾಗ ಮಾಡುತ್ತಲ್ವಾ, ಹಾಗೇ ಇತ್ತು, ಆದರೆ ಏನೂ ಹೊರಗೆ ಬರಲಿಲ್ಲ. ಎರಡು ದಿನ ಆಗಾಗ ಹಾಗೆ ಮಾಡಿದ. ಮೂರನೇ ದಿನ ನಿಂತು ಹೋಯಿತು. ನಾನೂ ಮರೆತೆ. ಆ ಎರಡು ದಿನದ ಕೆಮ್ಮನ್ನು ಯಾರಾದರೂ ಡಾಕ್ಟರು ಕೇಳಿದಾಗ ನೆನಪಿಟ್ಟು ಹೇಳಬೇಕಿತ್ತು. ಒಂದು ತಿಂಗಳು ಕಳೆದ ಮೇಲೆ ಅದು ಬೇರೆ ವಿಷಯ, ಇದು ಬೇರೆ ವಿಷಯ ಅನ್ನಿಸಿಬಿಡುತ್ತೆ.

ಫೆಬ್ರವರಿ ಮೊದಲ ವಾರ ಕೆಂಚ ಮಂಕಾದ. ಅಟ್ಟ ಹತ್ತಲಿಲ್ಲ. ಹಾಲು ಮೂಸಿ ಬಿಟ್ಟ. ಕೊಟ್ಟಿಗೆಯಲ್ಲಿ ಹುಲ್ಲಿನ ಹೊರೆ ಹಿಂದೆ ಹೋಗಿ ಕೂತುಬಿಟ್ಟ. ಮಲಗುತ್ತಿರಲಿಲ್ಲ, ಮುಂಗಾಲು ಮಡಚಿ, ಮೊಣಕೈ ಸ್ವಲ್ಪ ಅಗಲ ಮಾಡಿ ಸುಮ್ನೆ ಕೂತೇ ಇರೋನು. ಮಲಗಿದರೆ ಉಸಿರಾಡಲು ಕಷ್ಟ ಆಗುವ ಬೆಕ್ಕು ಹಾಗೆ ಕೂರುತ್ತೆ ಅಂತ ಆಮೇಲೆ ಗೊತ್ತಾಯಿತು. ಆಗ ನಾನು ಚಳಿಗೆ ಮುದುಡಿಕೊಂಡಿದ್ದಾನೆ ಅಂದುಕೊಂಡು ಮೇಲೆ ಗೋಣಿಚೀಲ ಹೊದಿಸಿದೆ.

ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಜ್ವರ 104.6 ಇತ್ತು. ಬೆಕ್ಕಿನ ಮೈ ನಮಗಿಂತ ಬಿಸಿ, 100.5ರಿಂದ 102.5ರವರೆಗೆ ಇರೋದು ಸಹಜ. 104 ದಾಟಿದರೆ ಒಳಗೆ ಏನೋ ನಡೀತಿದೆ ಅಂತಲೇ ಲೆಕ್ಕ. ಕೆಂಚನಿಗೆ ಆಗ ಇನ್ನೂ ಬೀಜ ತೆಗೆಸಿರಲಿಲ್ಲ, ಊರ ಗಂಡು ಬೆಕ್ಕುಗಳ ಜೊತೆ ದಿನಾ ಜಗಳ. ಹಾಗಾಗಿ ಡಾಕ್ಟರು ಕಚ್ಚಿದ ಗಾಯ ಒಳಗೆ ಕೀವಾಗಿರಬಹುದು ಅಂದರು. ಅದು ತಪ್ಪು ಊಹೆ ಅಲ್ಲ. ಗಂಡು ಬೆಕ್ಕಿಗೆ ಜ್ವರ ಬಂತು ಅಂದರೆ ಹತ್ತಕ್ಕೆ ಎಂಟು ಸಲ ಯಾರಾದರೂ ಹಾಗೇ ಯೋಚಿಸೋದು. ಮೂರು ದಿನ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಆಯಿತು. ನಾಲ್ಕನೇ ದಿನ ಎದ್ದು ಬಂದು ಹಾಲು ಕುಡಿದ. ನಾವು ದೇವರಿಗೆ ಕೈ ಮುಗಿದೆವು.

ಆರೇ ದಿನ. ಮತ್ತೆ ಅದೇ ಹುಲ್ಲಿನ ಹೊರೆ ಹಿಂದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆವತ್ತು ಭಾನುವಾರ, ಆಸ್ಪತ್ರೆ ಇರಲಿಲ್ಲ. ನಮ್ಮವರು ಮೆಡಿಕಲ್ ಶಾಪ್‌ನಲ್ಲಿ ಕೇಳಿದಾಗ, ಮಕ್ಕಳಿಗೆ ಕೊಡುವ ಪ್ಯಾರಸಿಟಮಾಲ್ ಕಾಲು ಭಾಗ ಕೊಡಿ, ಏನೂ ಆಗಲ್ಲ ಅಂತ ಹೇಳಿ ಕಳಿಸಿದ್ದರು. ಮಾತ್ರೆ ಪುಡಿ ಮಾಡಿ ಹಾಲಿಗೆ ಹಾಕುವ ಹೊತ್ತಿಗೆ, ಹಾಸನದಲ್ಲಿ ಓದುತ್ತಿರುವ ನನ್ನ ಮಗನ ಫೋನ್ ಬಂತು. ವಿಷಯ ಕೇಳಿದವನೇ ಕಿರುಚಿದ, "ಅಮ್ಮಾ, ಬೇಡ, ಕೊಡಬೇಡ!" ಅವನ ಗೆಳೆಯನ ಮನೆಯಲ್ಲಿ ಹಾಗೇ ಕೊಟ್ಟು ಬೆಕ್ಕು ಸತ್ತಿತ್ತಂತೆ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಪಿತ್ತಜನಕಾಂಗ ಅದನ್ನು ಕರಗಿಸಿ ಹೊರಗೆ ಹಾಕುವ ರೀತಿಯಲ್ಲಿ ಬೆಕ್ಕಿನದ್ದು ಮಾಡಲಾರದು. ರಕ್ತ ಕಂದು ಬಣ್ಣಕ್ಕೆ ತಿರುಗಿ ಉಸಿರು ಹಿಡಿದುಕೊಳ್ಳುತ್ತೆ. ಒಂದೇ ಮಾತ್ರೆ ಸಾಕು ಕೊಲ್ಲೋಕೆ. ದಯವಿಟ್ಟು ಯಾರೂ ಕೊಡಬೇಡಿ. ಆ ಹಾಲನ್ನು ನಾನು ಮೋರಿಗೆ ಚೆಲ್ಲಿದೆ, ಕೈ ನಡುಗುತ್ತಿತ್ತು.

ಸೋಮವಾರ ಬೆಳಗ್ಗೆ ನೋಡಿದರೆ ಕೆಂಚ ಬಾಯಿ ತೆರೆದು ಉಸಿರಾಡುತ್ತಿದ್ದ. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಮಾಮೂಲಿ. ಬೆಕ್ಕು ಹಾಗೆ ಮಾಡಿದರೆ ಒಂದು ನಿಮಿಷವೂ ಕಾಯೋ ಹಾಗಿಲ್ಲ. ಹೊಟ್ಟೆ ಒಳಕ್ಕೆ ಸೆಳೆದುಕೊಂಡು, ಹೊರಕ್ಕೆ ತಳ್ಳಿ, ಪ್ರತಿ ಉಸಿರಿಗೂ ಇಡೀ ಮೈ ಅಲುಗುತ್ತಿತ್ತು. ನಮ್ಮವರು ಪಕ್ಕದ ಮನೆ ಕಾರು ಕೇಳಿ ತಂದರು. ಕಾಯಿ ತುಂಬುವ ಬುಟ್ಟಿಗೆ ಹಳೆ ಸೀರೆ ಹಾಸಿ, ಅವನನ್ನು ಕೂರಿಸಿ, ಮೇಲೆ ತೆಳ್ಳಗಿನ ಟವೆಲ್ ಕಟ್ಟಿದೆ. ಅತ್ತೆ ಬಾಗಿಲಲ್ಲಿ ನಿಂತು, "ಹುಷಾರಾಗಿ ಕರ್ಕೊಂಡು ಹೋಗ್ರಮ್ಮ, ಅದೇನು ಬಾಯಿಬಿಟ್ಟು ಹೇಳುತ್ತಾ," ಅಂದರು.

ಹಾರನಹಳ್ಳಿ ದಾಟಿ, ದುದ್ದ ದಾಟಿ, ಹಾಸನ. ದಾರಿಯುದ್ದಕ್ಕೂ ಬುಟ್ಟಿ ಮೇಲೆ ಕೈ ಇಟ್ಟೇ ಇದ್ದೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ನಮ್ಮ ಊರಿನವರು ಹಸು ಕಷ್ಟ ಅಂದರೆ ಅಲ್ಲಿಗೇ ಹೋಗೋದು. ಬೆಕ್ಕು ಹಿಡಿದುಕೊಂಡು ಹೋಗಿದ್ದು ಮಾತ್ರ ನಮಗೆ ಇದೇ ಮೊದಲು.

ಡಾಕ್ಟರ್ ಮೇಡಂ ಬುಟ್ಟಿ ಬಿಚ್ಚಿ ನೋಡಿದ ತಕ್ಷಣ ಅವನನ್ನು ಮೇಜಿನ ಮೇಲೆ ಮಲಗಿಸಲಿಲ್ಲ. ಮೊದಲು ಆಮ್ಲಜನಕ. ಮುಖದ ಹತ್ತಿರ ಪೈಪ್ ಹಿಡಿದು ಹತ್ತು ನಿಮಿಷ ಸುಮ್ಮನೆ ಬಿಟ್ಟರು. "ಉಸಿರು ಕಟ್ಟಿರೋ ಬೆಕ್ಕನ್ನ ಅದುಮಿ ಹಿಡಿದ್ರೆ ಕೈಯಲ್ಲೇ ಹೋಗಿಬಿಡುತ್ತೆ ಅಮ್ಮ, ಸ್ವಲ್ಪ ತಾಳಿ," ಅಂದರು. ಆಮೇಲೆ ಎದೆಗೆ ಕೊಳವೆ ಇಟ್ಟು ಕೇಳಿದರು. ಮೇಲ್ಭಾಗದಲ್ಲಿ ಉಸಿರಿನ ಸದ್ದು ಇತ್ತು, ಕೆಳಭಾಗದಲ್ಲಿ ಇರಲೇ ಇಲ್ಲ. ಎಕ್ಸ್‌ರೇ ತೆಗೆದಾಗ ನಮಗೂ ತೋರಿಸಿದರು. ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ ಕಾಣಬೇಕು. ಇಲ್ಲಿ ಎದೆಗೂಡಿನ ಅರ್ಧಕ್ಕಿಂತ ಜಾಸ್ತಿ ಬೆಳ್ಳಗಿತ್ತು, ಹೃದಯದ ಅಂಚು ಎಲ್ಲಿ ಅಂತಲೇ ಗೊತ್ತಾಗುತ್ತಿರಲಿಲ್ಲ. ಶ್ವಾಸಕೋಶ ಮೇಲಕ್ಕೆ ತೇಲಿ ಮುದುಡಿಕೊಂಡಿತ್ತು.

ಪಕ್ಕೆಯ ಕೂದಲು ಬೋಳಿಸಿ, ಪಕ್ಕೆಲುಬಿನ ನಡುವೆ ಸೂಜಿ ಹಾಕಿ ಎಳೆದರು. ಬಂದದ್ದು ಕೀವು. ರಾಗಿ ಗಂಜಿಗೆ ಸ್ವಲ್ಪ ಕೆಂಪು ಬೆರೆಸಿದ ಬಣ್ಣ. ಆ ವಾಸನೆಯನ್ನು ಹೇಗೆ ಹೇಳೋದು, ಸತ್ತ ಹೆಗ್ಗಣದ ವಾಸನೆಗಿಂತ ಕೆಟ್ಟದ್ದು. ಎರಡೂ ಕಡೆಯಿಂದ ಸೇರಿ 110 ಎಂಎಲ್. ನಾಲ್ಕು ಕೆಜಿ ತೂಗುವ ಒಂದು ಜೀವದ ಎದೆಯಲ್ಲಿ ಅಷ್ಟು! ಸೂಜಿ ತೆಗೆಯುವ ಹೊತ್ತಿಗೆ ಅವನ ಬಾಯಿ ಮುಚ್ಚಿತ್ತು, ಮೂಗಿನಲ್ಲೇ ಉಸಿರಾಡುತ್ತಿದ್ದ. ನಾನು ಅಲ್ಲೇ ಅತ್ತುಬಿಟ್ಟೆ.

ಇದಕ್ಕೆ ಪಯೋಥೋರಾಕ್ಸ್ ಅಂತಾರಂತೆ. ಶ್ವಾಸಕೋಶಕ್ಕೂ ಎದೆಗೂಡಿನ ಗೋಡೆಗೂ ನಡುವೆ ಇರುವ ಜಾಗದಲ್ಲಿ ಕೀವು ತುಂಬೋದು. ಅಲ್ಲಿಗೆ ಸೋಂಕು ಹೇಗೆ ಹೋಯಿತು ಅಂತ ಕೇಳಿದೆ. ಮೇಡಂ ಬೆರಳು ಮಡಚಿ ಹೇಳಿದರು. ಬೆಕ್ಕಿನ ಬಾಯಲ್ಲೇ ಇರುವ ಕ್ರಿಮಿಗಳು ಉಸಿರಿನ ಜೊತೆ ಕೆಳಗಿಳಿದು ಹೋಗಬಹುದು. ಬೇರೆ ಬೆಕ್ಕು ಎದೆಗೆ ಕಚ್ಚಿರಬಹುದು. ನ್ಯುಮೋನಿಯಾ ಆಗಿ ಒಡೆದಿರಬಹುದು. ಇನ್ನೊಂದು, ಹುಲ್ಲಿನ ಮುಳ್ಳು ಒಳಗೆ ಹೋಗಿರಬಹುದು. "ಬೆಕ್ಕಿನಲ್ಲಿ ಬಹಳ ಸಲ ಕಾರಣ ಕೊನೆವರೆಗೂ ಸಿಗಲ್ಲ," ಅಂತ ನೇರವಾಗಿಯೇ ಹೇಳಿದರು. ಆ ಕೀವಿನಲ್ಲಿ ಚಿರೋಟಿ ರವೆಯಂತೆ ಸಣ್ಣ ಹಳದಿ ಕಾಳು ಇತ್ತು. ಅದನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ ಬಂದು, "ನಿಮ್ಮ ಮನೆ ಹತ್ತಿರ ಒಣಹುಲ್ಲು ಜಾಸ್ತಿ ಇದೆಯಾ?" ಅಂತ ಕೇಳಿದರು. ಕವಲೊಡೆದ ದಾರದಂತೆ ಕಾಣುವ ಬ್ಯಾಕ್ಟೀರಿಯಾ ಇತ್ತಂತೆ, ಆ್ಯಕ್ಟಿನೋಮೈಸಿಸ್ ಜಾತಿಯದ್ದು. ಅದು ಬಾಯಲ್ಲಿ ಸಾಧಾರಣವಾಗಿ ಇರುವ ಕ್ರಿಮಿ. ಹುಲ್ಲಿನ ಮುಳ್ಳು ಬಾಯಿ, ಗಂಟಲು ಹಾದು ಹೋಗುವಾಗ ಅದನ್ನು ಅಂಟಿಸಿಕೊಂಡು ಒಳಗೆ ಒಯ್ಯುತ್ತೆ.

ಆಗ ನೆನಪಾಯಿತು ಸಂಕ್ರಾಂತಿಯ ಕೆಮ್ಮು. ಹೇಳಿದೆ. ಮೇಡಂ ತಲೆಯಾಡಿಸಿ ಅದನ್ನು ಬರೆದುಕೊಂಡರು.

"ಹಾಗಾದ್ರೆ ಎಕ್ಸ್‌ರೇಯಲ್ಲಿ ಮುಳ್ಳು ಕಾಣಬೇಕಲ್ವಾ?" ಅಂದರು ನಮ್ಮವರು. ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ಕಾಣಲ್ಲ. ಮೂಳೆ, ಕಲ್ಲು, ಲೋಹ, ಸೂಜಿ ಕಾಣುತ್ತೆ. ಹುಲ್ಲು, ಕಡ್ಡಿ, ಮರದ ಚಕ್ಕೆ ಕಾಣಲ್ಲ, ಅದು ಸುತ್ತಲಿನ ಮಾಂಸ, ಕೀವಿನ ಜೊತೆ ಒಂದಾಗಿ ಹೋಗುತ್ತೆ. ಇದನ್ನು ನಾನು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ. ಎಕ್ಸ್‌ರೇ ತೆಗೆದಿದ್ದೀವಿ, ಒಳಗೆ ಏನೂ ಇಲ್ಲ ಅಂತ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ.

ಎದೆಗೆ ಟ್ಯೂಬ್ ಹಾಕಿದರು. ಏಳು ದಿನ. ದಿನಕ್ಕೆ ಎರಡು ಸಲ ಟ್ಯೂಬ್‌ನಿಂದ ಕೀವು ಎಳೆದು, ಉಗುರುಬೆಚ್ಚಗಿನ ಸಲೈನ್ 40 ಎಂಎಲ್ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊರಗೆ ಎಳೆಯೋದು. ಬಿಟ್ಟಷ್ಟೇ ವಾಪಸ್ ಬರ್ತಿದೆಯಾ ಅಂತ ಲೆಕ್ಕ ಇಡೋದು. ಅದರ ಜೊತೆ ಡ್ರಿಪ್, ಇಂಜೆಕ್ಷನ್, ನೋವಿನ ಔಷಧಿ. ನಾನು ಮಗನ ರೂಮಿನ ಹತ್ತಿರ ನಮ್ಮ ನೆಂಟರ ಮನೆಯಲ್ಲಿ ಉಳಿದೆ. ನಮ್ಮವರು ತೋಟ ಬಿಟ್ಟು ಬರುವ ಹಾಗಿರಲಿಲ್ಲ, ಕಾಯಿ ಕೀಳುವ ಸಮಯ.

ಆ ಏಳು ದಿನದಲ್ಲಿ ಅತಿ ಕಷ್ಟವಾದದ್ದು ಊಟ. ಬೆಕ್ಕು ಮೂರು ನಾಲ್ಕು ದಿನ ಪೂರ್ತಿ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ಹೋಗಿ ಸೇರಿ, ಅದೇ ಇನ್ನೊಂದು ಕಾಯಿಲೆ ಆಗುತ್ತಂತೆ. ನಾಯಿ ಹಾಗಲ್ಲ, ವಾರ ತಿನ್ನದಿದ್ದರೂ ತಡೆದುಕೊಳ್ಳುತ್ತೆ. ಹಾಗಾಗಿ ಸಿರಿಂಜ್‌ನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಬಿಡಬೇಕು. ನೇರವಾಗಿ ಗಂಟಲಿಗೆ ಬಿಟ್ಟರೆ ಶ್ವಾಸಕ್ಕೆ ಇಳಿಯುತ್ತೆ. ಕೋಳಿ ಬೇಯಿಸಿ ನುಣ್ಣಗೆ ರುಬ್ಬಿ, ಬೆಚ್ಚಗೆ ಮಾಡಿ ಕೊಡಿ, ಈರುಳ್ಳಿ ಬೆಳ್ಳುಳ್ಳಿ ಸೋಕಿಸಬೇಡಿ, ಅದೂ ಬೆಕ್ಕಿನ ರಕ್ತ ಕೆಡಿಸುತ್ತೆ ಅಂದರು. ನಮ್ಮದು ಮಾಂಸ ಮಾಡದ ಮನೆ. ಮಗ ತನ್ನ ಗೆಳೆಯರ ರೂಮಿನಲ್ಲಿ ಬೇಯಿಸಿ ಡಬ್ಬಿಯಲ್ಲಿ ತಂದುಕೊಡೋನು. ವಾಪಸ್ ಊರಿಗೆ ಬಂದ ಮೇಲೆ ಏನು ಮಾಡೋದು ಅಂತ ನನಗೆ ಚಿಂತೆ. ಅತ್ತೆ ಫೋನಿನಲ್ಲಿ, "ಹಿತ್ತಲಲ್ಲಿ ಮೂರು ಕಲ್ಲು ಇಡ್ತೀನಿ, ಅಲ್ಲಿ ಬೇಯಿಸಿಕೋ. ಜೀವ ಉಳಿಸೋಕೆ ಮಾಡೋದು ತಾನೇ," ಅಂದುಬಿಟ್ಟರು. ಅವರ ಮಾತಿನಿಂದ ನನ್ನ ಎದೆ ಭಾರ ಅರ್ಧ ಇಳಿಯಿತು.

ಐದನೇ ದಿನಕ್ಕೆ ಟ್ಯೂಬ್‌ನಿಂದ ಬರುವುದು ತೆಳ್ಳಗಾಯಿತು, ವಾಸನೆ ಹೋಯಿತು. ಏಳನೇ ದಿನ ಶಿವರಾತ್ರಿ. ಟ್ಯೂಬ್ ತೆಗೆದರು. ತೂಕ 4.2ರಿಂದ 3.1 ಕೆಜಿಗೆ ಇಳಿದಿತ್ತು. ಬೋಳಿಸಿದ ಪಕ್ಕೆಯಲ್ಲಿ ಪಕ್ಕೆಲುಬು ಎಣಿಸಬಹುದಿತ್ತು. ಆದರೆ ಬುಟ್ಟಿಯಲ್ಲಿ ಕೂರಿಸಿದಾಗ ನನ್ನ ಬೆರಳಿಗೆ ತಲೆ ಉಜ್ಜಿದ, ಗುರ್ ಗುರ್ ಅಂದ.

ಮನೆಗೆ ಬಂದ ಮೇಲೆ ಆರು ವಾರ ಮಾತ್ರೆ. ಒಂದು ದಿನವೂ ತಪ್ಪಿಸಬಾರದು, ಚೆನ್ನಾಗಿದ್ದಾನೆ ಅಂತ ನಡುವೆ ನಿಲ್ಲಿಸಬಾರದು ಅಂತ ಮೇಡಂ ಮೂರು ಸಲ ಹೇಳಿದ್ದರು. ಇಷ್ಟು ಉದ್ದ ಯಾಕೆ ಅಂದರೆ ಆ ದಾರದಂಥ ಕ್ರಿಮಿ ಗೂಡು ಕಟ್ಟಿಕೊಂಡು ಕೂರುತ್ತೆ, ಔಷಧಿ ನಿಧಾನಕ್ಕೆ ಒಳಗೆ ಇಳಿಯಬೇಕು. ಮಾತ್ರೆ ನುಂಗಿಸಿದ ಮೇಲೆ ಪ್ರತಿ ಸಲ ಎರಡು ಮೂರು ಎಂಎಲ್ ನೀರು ಕುಡಿಸಬೇಕು. ಬೆಕ್ಕಿನ ಅನ್ನನಾಳದಲ್ಲಿ ಒಣ ಮಾತ್ರೆ ಅಂಟಿಕೊಂಡು ಹುಣ್ಣು ಮಾಡೋದುಂಟು.

ಇನ್ನೊಂದು ಕೆಲಸ ಕೊಟ್ಟಿದ್ದರು, ಉಸಿರು ಎಣಿಸೋದು. ನಿದ್ದೆ ಮಾಡುವಾಗ ಎದೆ ಒಂದು ಸಲ ಏರಿ ಇಳಿದರೆ ಒಂದು. ಗಡಿಯಾರ ನೋಡಿಕೊಂಡು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಕು. 30ರ ಒಳಗಿದ್ದರೆ ಸರಿ. ಅದರ ಮೇಲೆ ಹೋಗುತ್ತಾ ಇದ್ದರೆ ಕಾಯದೆ ಹೊರಡಬೇಕು. ನಾನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಪ್ರತಿ ರಾತ್ರಿ ಬರೆಯುತ್ತಾ ಹೋದೆ. 28, 26, 26, 24. ಈ ಎಣಿಕೆಗೆ ದುಡ್ಡು ಬೇಡ, ಯಂತ್ರ ಬೇಡ. ಫೆಬ್ರವರಿಯಲ್ಲೇ ನನಗೆ ಗೊತ್ತಿದ್ದಿದ್ದರೆ ಅವನು ಬಾಯಿ ತೆರೆದು ಉಸಿರಾಡುವವರೆಗೆ ಕಾಯುತ್ತಿರಲಿಲ್ಲ.

ಈ ನಡುವೆ ಒಂದು ದಿನ ಕಾವಲಿನಲ್ಲಿ ಕುರಿ ಮೇಯಿಸುವ ಅಜ್ಜ ನೀರು ಕೇಳಿಕೊಂಡು ಬಂದರು. ಬೋಳು ಪಕ್ಕೆಯ ಕೆಂಚನನ್ನು ನೋಡಿ ಏನಾಯಿತು ಅಂದರು. ಹೇಳಿದೆ. ಅವರು ತಮ್ಮ ಕಂಬಳಿಯ ಅಂಚಿನಿಂದ ಒಂದು ಮುಳ್ಳು ಕಿತ್ತು ನನ್ನ ಅಂಗೈ ಮೇಲಿಟ್ಟರು. "ಇದು ಊಬು ಅಮ್ಮಾರೆ. ನಮ್ಮ ಕುರೀಗೆ ಇದೇ ಶತ್ರು. ಉಣ್ಣೆ ಒಳಗೆ ಹೊಕ್ಕು ತೊಗಲು ತೂತು ಮಾಡಿ ಮಾಂಸಕ್ಕೆ ಇಳೀತದೆ. ಮರಿಗಳ ಬಾಯಿ, ಗೊರಸಿನ ಸಂದು ನಾನು ದಿನಾ ಸಂಜೆ ನೋಡ್ತೀನಿ."

ಅವರು ಹೋದ ಮೇಲೆ ಆ ಊಬನ್ನು ಬಹಳ ಹೊತ್ತು ನೋಡಿದೆ. ಒಂದು ತುದಿಯಲ್ಲಿ ಸೂಜಿಯಂತೆ ಚೂಪಾದ ಬೀಜ. ಬೀಜದ ಮೇಲೆ ಸಣ್ಣ ರೋಮ, ಎಲ್ಲ ಹಿಂದಕ್ಕೆ ಬಾಗಿದ್ದು. ಅದರ ಹಿಂದೆ ಉದ್ದ ಬಾಲ, ಹುರಿಯಂತೆ ತಿರುಚಿಕೊಂಡಿದೆ. ಒಂದು ಹನಿ ನೀರು ಹಾಕಿದೆ. ಅಂಗೈ ಮೇಲೆ ಅದು ತಾನೇ ತಿರುಗಿತು! ಜೀವ ಇರುವ ಹಾಗೆ. ಒದ್ದೆಯಾದರೆ ಹುರಿ ಬಿಚ್ಚುತ್ತೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತೆ. ಹಾಗೆ ತಿರುಗಿ ತಿರುಗಿ ಬೀಜ ಮಣ್ಣಿಗೆ ತನ್ನನ್ನು ತಾನೇ ಕೊರೆದುಕೊಂಡು ಇಳಿಯುತ್ತೆ. ಹುಲ್ಲು ತನ್ನ ಸಂತಾನಕ್ಕೆ ಮಾಡಿಕೊಂಡ ಉಪಾಯ ಅದು. ಆದರೆ ಬಿದ್ದದ್ದು ಮಣ್ಣಿನ ಮೇಲಲ್ಲ, ಪ್ರಾಣಿಯ ಮೈಮೇಲೆ ಆದರೆ ಅಲ್ಲೂ ಅದೇ ಕೆಲಸ. ಹಿಂದಕ್ಕೆ ಬಾಗಿದ ರೋಮದಿಂದಾಗಿ ಮುಂದಕ್ಕೆ ಮಾತ್ರ ಹೋಗಬಲ್ಲದು, ವಾಪಸ್ ಬರಲ್ಲ. ಉಸಿರಾಡುವಾಗ, ನಡೆಯುವಾಗ ಮಾಂಸಖಂಡ ಅಲುಗಿದಷ್ಟೂ ಒಳಗೆ ಒಳಗೆ ಹೋಗುತ್ತೆ. ಹುಲ್ಲನ್ನು ಕರಗಿಸುವ ಶಕ್ತಿ ಬೆಕ್ಕಿನ ಮೈಗೆ ಇಲ್ಲ, ತಿಂಗಳುಗಟ್ಟಲೆ ಹಾಗೇ ಇರುತ್ತೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಡೆ ಫಾಕ್ಸ್‌ಟೇಲ್ ಅಂತ ಬಾರ್ಲಿ ಜಾತಿಯ ಕಾಡುಹುಲ್ಲು ಇದೆ, ಅದರ ತೆನೆಯ ಮುಳ್ಳಿನಿಂದ ಅಲ್ಲಿನ ನಾಯಿಗಳಿಗೆ ಇದೇ ಕಷ್ಟ. ಮೂಗು, ಕಿವಿ, ಕಣ್ಣಿನ ರೆಪ್ಪೆ ಹಿಂದೆ, ಕಾಲ್ಬೆರಳ ಸಂದು, ಎಲ್ಲಿಂದಲಾದರೂ ಹೊಕ್ಕಬಹುದು. ಬೆಕ್ಕು ಮೈ ನೆಕ್ಕಿ ಸ್ವಚ್ಛ ಮಾಡಿಕೊಳ್ಳೋದರಿಂದ ಅದಕ್ಕೆ ಕಡಿಮೆ. ಆದರೆ ಹಾಗೆ ನೆಕ್ಕುವಾಗಲೇ ಬಾಯಿಗೆ ಹೋಗೋದೂ ಉಂಟು.

ಹಸಿ ಹುಲ್ಲೂ ಸುಮ್ಮನೆ ಬಿಡಲ್ಲ. ಚಿಕ್ಕಮಗಳೂರು ಕಡೆ ಇರುವ ನನ್ನ ನಾದಿನಿಯ ಬೆಕ್ಕಿನ ಕಥೆ ಬೇರೆ. ಹಿತ್ತಲಿನ ಮಜ್ಜಿಗೆ ಹುಲ್ಲು ಅಂದರೆ ಅದಕ್ಕೆ ಪ್ರಾಣ. ಒಂದು ದಿನ ತಿಂದು ವಾಂತಿ ಮಾಡಿತು, ಅವತ್ತಿನಿಂದ ಸೀನೋದು, ನುಂಗುವಾಗ ಕತ್ತು ಎಳೆಯೋದು, ಮಲಗಿದರೆ ಗೊರಕೆ. ಶೀತ ಅಂತ ಎರಡು ವಾರ ಔಷಧಿ ಹಾಕಿದರು. ಕೊನೆಗೆ ಮತ್ತು ಕೊಟ್ಟು, ಮೇಲಿನ ಅಂಗುಳಿನ ಹಿಂಭಾಗದ ಮೆತ್ತನೆ ಭಾಗ ಮುಂದಕ್ಕೆ ಎಳೆದು ನೋಡಿದರೆ, ಮೂಗಿನ ಹಿಂಭಾಗದಲ್ಲಿ ಬೆರಳುದ್ದದ ಹುಲ್ಲಿನ ಗರಿ ಸಿಕ್ಕಿಕೊಂಡಿತ್ತು. ವಾಂತಿ ಮಾಡುವಾಗ ಬಾಯಿಗೆ ಬರುವ ಬದಲು ಮೇಲಕ್ಕೆ ಹೋಗಿತ್ತು. ಆ ಹುಲ್ಲಿನ ಅಂಚು ನಿಮ್ಮ ಬೆರಳನ್ನೇ ಕೊಯ್ಯುತ್ತಲ್ವಾ, ಗರಗಸದಂತೆ ಹಿಡಿದುಕೊಂಡರೆ ಅದು ಬಿಡುವುದೆಲ್ಲಿ? ತೆಗೆದ ಮಾರನೇ ದಿನಕ್ಕೇ ಆ ಬೆಕ್ಕು ಸರಿಹೋಯಿತು. ನಮ್ಮ ಕೆಂಚನಿಗೆ ಅಂಥ ಅದೃಷ್ಟ ಇರಲಿಲ್ಲ.

ಯುಗಾದಿ ಆಯಿತು. ಆರು ವಾರದ ಮಾತ್ರೆ ಮುಗಿಯಿತು. ಎಕ್ಸ್‌ರೇ ಮತ್ತೆ ತೆಗೆದರು, ಎದೆ ಸ್ವಚ್ಛ. ಕೆಂಚ 3.9 ಕೆಜಿ. ಅಟ್ಟ ಹತ್ತಿದ. ಎಲ್ಲ ಮುಗಿಯಿತು ಅಂದುಕೊಂಡೆವು.

ಮಾತ್ರೆ ನಿಲ್ಲಿಸಿ ಹನ್ನೆರಡನೇ ದಿನ ಅವನ ಮೈ ಸವರುವಾಗ ಬಲಪಕ್ಕೆಯ ಕೊನೆಯ ಪಕ್ಕೆಲುಬಿನ ಹಿಂದೆ ಏನೋ ಕೈಗೆ ತಾಗಿತು. ಹುಣಸೆ ಬೀಜದಷ್ಟು. ಮೂರು ದಿನಕ್ಕೆ ನಿಂಬೆಕಾಯಿ ಗಾತ್ರ. ಮುಟ್ಟಿದರೆ ಬಿಸಿ, ಮುಟ್ಟಲು ಬಿಡುತ್ತಿರಲಿಲ್ಲ. ಉಸಿರು 24 ಇತ್ತು, ಎದೆ ಚೆನ್ನಾಗಿಯೇ ಇತ್ತು. ಊರಲ್ಲಿ ಒಬ್ಬರು, ಬಾವು ಹಣ್ಣಾಗಿದೆ, ಕುಯ್ದು ಕೀವು ತೆಗೆದು ಅರಿಶಿನ ಮೆತ್ತಿ ಅಂದರು. ನಾನು ಒಪ್ಪಲಿಲ್ಲ. ಔಷಧಿ ಇದ್ದಾಗ ಸುಮ್ಮನಿದ್ದು, ನಿಲ್ಲಿಸಿದ ಕೂಡಲೇ ಎದ್ದು ಬರುವ ಕೀವಿನ ಹಿಂದೆ ಏನೋ ಕೂತಿರುತ್ತೆ ಅಂತ ಮೇಡಂ ಹೇಳಿದ್ದು ನನ್ನ ತಲೆಯಲ್ಲಿ ಉಳಿದಿತ್ತು. ಫೆಬ್ರವರಿಯಲ್ಲಿ ಒಂದು ಸಲ, ಈಗ ಇನ್ನೊಂದು ಸಲ. ಮೊದಲ ಸಲ ಆರು ದಿನ, ಈಗ ಹನ್ನೆರಡು ದಿನ. ಮತ್ತೆ ಬುಟ್ಟಿ, ಮತ್ತೆ ಹಾಸನ.

ಈ ಸಲ ಸ್ಕ್ಯಾನಿಂಗ್ ಮಾಡಿದರು, ಬಸುರಿಯರಿಗೆ ಮಾಡುತ್ತಾರಲ್ಲ, ಅದೇ. ಜೆಲ್ಲಿ ಹಚ್ಚಿ ನಿಧಾನಕ್ಕೆ ಆ ಕಡೆ ಈ ಕಡೆ ಸರಿಸಿದರು. ಇಪ್ಪತ್ತು ನಿಮಿಷ ಆಗಿರಬಹುದು. ಕಪ್ಪು ಕೀವಿನ ಗುಂಡಿಯ ನಡುವೆ ಒಂದು ಬೆಳ್ಳನೆ ಗೆರೆ, ನಡುವೆ ದಪ್ಪ, ಎರಡೂ ತುದಿ ಸಣ್ಣ, ಭತ್ತದ ಕಾಳನ್ನು ಉದ್ದಕ್ಕೆ ಎಳೆದ ಹಾಗೆ. ಮೇಡಂ ಪರದೆ ಮೇಲೆ ಬೆರಳಿಟ್ಟು, "ಇಲ್ಲಿದೆ ನೋಡಿ," ಅಂದರು. ಮೆಲ್ಲಗೆ ಹೇಳಿದರು, ಆದರೆ ಅವರಿಗೂ ಖುಷಿಯಾಗಿದ್ದು ಗೊತ್ತಾಯಿತು. ಸ್ಕ್ಯಾನಿಂಗ್‌ನಲ್ಲಿ ಪ್ರತಿ ಸಲ ಕಾಣುತ್ತೆ ಅಂತಿಲ್ಲ. ಕಾಣದಿದ್ದರೆ ಸಿಟಿ ಸ್ಕ್ಯಾನ್‌ಗೆ ಬೆಂಗಳೂರಿಗೆ ಹೋಗಬೇಕಾಗಬಹುದು ಅಂತ ಮೊದಲೇ ಹೇಳಿದ್ದರು. ಚಿಕ್ಕ ಮುಳ್ಳು, ಗಾಳಿ ತುಂಬಿದ ಶ್ವಾಸಕೋಶದ ಒಳಗೆ ಇದ್ದರೆ ಸ್ಕ್ಯಾನಿಂಗ್‌ಗೆ ಸಿಗುವುದೇ ಇಲ್ಲ. ಇದು ಎದೆಯಿಂದ ಹಿಂದಕ್ಕೆ ಸರಿದು ಪಕ್ಕೆಯ ಮಾಂಸಕ್ಕೆ ಬಂದದ್ದರಿಂದ ಸಿಕ್ಕಿತು.

ಮಾರನೇ ದಿನ ಆಪರೇಷನ್. ಕಾಯುತ್ತಾ ಕೂತ ಒಂದೂವರೆ ಗಂಟೆಯ ಬಗ್ಗೆ ಏನು ಬರೆಯಲಿ. ಮಗ ಪಕ್ಕದಲ್ಲಿ ಕೂತು ಮಾತಾಡದೆ ನನ್ನ ಕೈ ಹಿಡಿದುಕೊಂಡಿದ್ದ. ಹೊರಗೆ ಬಂದು ಹೇಳಿದ್ದು ಇಷ್ಟು. ಬಾವು ಬಿಡಿಸಿ, ಕೀವು ತೊಳೆದು, ಅದರ ಗೋಡೆಯಿಂದ ಒಳಗೆ ಹೊರಟಿದ್ದ ಸಣ್ಣ ದಾರಿಯನ್ನು ಹಿಡಿದು ಹೋದರು. ಆ ದಾರಿಯ ಕೊನೆಯಲ್ಲಿ ಮುಳ್ಳು. ಬಾವನ್ನು ಬರೀ ಕುಯ್ದು ಕೀವು ಹಿಂಡಿದ್ದರೆ ಅದು ಒಳಗೇ ಉಳಿದು, ಮತ್ತೆ ಇನ್ನೆಲ್ಲಿಗೋ ಹೊರಡುತ್ತಿತ್ತು.

ಗಾಜ್ ಬಟ್ಟೆ ಮೇಲೆ ಇಟ್ಟು ತೋರಿಸಿದರು. ಒಂದು ಬೀಜ, ಅದಕ್ಕೆ ಅಂಟಿಕೊಂಡ ಹುರಿಯ ತುಂಡು, ಎಲ್ಲ ಸೇರಿ ಎರಡು ಸೆಂಟಿಮೀಟರ್ ಕೂಡ ಇಲ್ಲ. ಕಪ್ಪಾಗಿತ್ತು. ಆದರೆ ತುದಿ ಚೂಪಾಗಿಯೇ ಇತ್ತು. ಸಂಕ್ರಾಂತಿಯಿಂದ ಏಪ್ರಿಲ್ ಕೊನೆವರೆಗೆ ಮೂರು ತಿಂಗಳಿಗಿಂತ ಜಾಸ್ತಿ ಆ ಬೆಚ್ಚಗಿನ ಒದ್ದೆ ಮೈಯೊಳಗೆ ಇದ್ದರೂ ಒಂಚೂರೂ ಕರಗಿರಲಿಲ್ಲ. ನಾನು ಅದನ್ನು ಕೇಳಿ ತೆಗೆದುಕೊಂಡು, ಸಣ್ಣ ಬಾಟಲಿಯಲ್ಲಿ ಹಾಕಿಸಿಕೊಂಡು ಬಂದೆ. ಕುರಿ ಅಜ್ಜನಿಗೆ ತೋರಿಸಿದೆ. ಅವರು ಬೆಳಕಿಗೆ ಹಿಡಿದು ನೋಡಿ, "ಅದೇ," ಅಂದರು. ಮತ್ತೆ ಕೆಂಚನ ಬೆನ್ನು ಸವರಿ, "ಗಟ್ಟಿ ಪಿಂಡ ಕಣಪ್ಪ ನೀನು," ಅಂದರು.

ಆಮೇಲೆ ನಾಲ್ಕು ವಾರ ಮಾತ್ರೆ. ಮುಗಿದು ಹನ್ನೆರಡನೇ ದಿನ ನಾನು ನಿದ್ದೆ ಮಾಡಲಿಲ್ಲ, ಇಪ್ಪತ್ತನೇ ದಿನವೂ ಅಷ್ಟೇ. ಬ್ಯಾಟರಿ ಹಿಡಿದು ಎದ್ದು ಹೋಗಿ ಮೈಯೆಲ್ಲ ಸವರಿ ನೋಡೋದು. ಏನೂ ಬರಲಿಲ್ಲ. ಮೈ ತುಂಬಿಕೊಂಡ ಮೇಲೆ ಬೀಜ ತೆಗೆಸಿದೆವು, ಈಗ ಕಾವಲಿನೊಳಗೆ ದೂರ ದೂರ ಅಲೆಯಲ್ಲ, ತೋಟದಲ್ಲೇ ಇರ್ತಾನೆ. ಖರ್ಚು ಆಯಿತು, ಇಲ್ಲ ಅನ್ನಲ್ಲ. ಕಾರು ಓಡಾಟ, ಔಷಧಿ, ಹಾಸನದಲ್ಲಿ ಉಳಿದದ್ದು, ಎಲ್ಲ ಸೇರಿ ಆ ವರ್ಷದ ಕೊಬ್ಬರಿ ದುಡ್ಡಿನಲ್ಲಿ ಒಂದು ಪಾಲು ಹೋಯಿತು. ಆ ಕೊಬ್ಬರಿ ಕಾದವನೇ ಅವನು ಅಂತ ನಮ್ಮವರು ಹೇಳಿದರು, ಮತ್ತೆ ಆ ಮಾತು ಯಾರೂ ಎತ್ತಲಿಲ್ಲ.

ಈ ಸಲ ಕಾರ್ತೀಕದಲ್ಲೇ, ಹುಲ್ಲು ಇನ್ನೂ ಹೂವಿನಲ್ಲಿ ಇರುವಾಗ, ಬೇಲಿಯ ಒಳಗೆ ಮನೆ ಸುತ್ತ ಹತ್ತು ಮಾರು ಅಗಲಕ್ಕೆ ಕೊಯ್ಯಿಸಿದೆವು. ಹೂವು ಬೀಜವಾಗಿ ಒಣಗಿದ ಮೇಲೆ ಕೊಯ್ದರೆ ಊಬು ಎಲ್ಲೆಡೆ ಉದುರುತ್ತೆ, ಆಗ ಕೊಯ್ದು ಪ್ರಯೋಜನ ಇಲ್ಲ. ಕೊಟ್ಟಿಗೆಯಲ್ಲಿ ಒಟ್ಟುವ ಹುಲ್ಲಿನ ಹೊರೆಯನ್ನೂ ಅವನು ಮಲಗುವ ಜಾಗದಿಂದ ದೂರ ಇಟ್ಟಿದ್ದೀವಿ. ದಿನಾ ಸಂಜೆ ಹಾಲು ಕುಡಿದ ಮೇಲೆ ಮಡಿಲಲ್ಲಿ ಮಲಗಿಸಿಕೊಂಡು ಕಾಲ್ಬೆರಳ ಸಂದು, ಕಂಕುಳು, ಕಿವಿ, ಗದ್ದದ ಕೆಳಗೆ ಬಾಚಣಿಗೆ ಆಡಿಸುತ್ತೇನೆ. ಹೋದ ವಾರ ಎರಡು ಊಬು ಸಿಕ್ಕಿತು, ಒಂದು ಕತ್ತಿನ ಕೂದಲಲ್ಲಿ, ಇನ್ನೊಂದು ಹಿಂಗಾಲಿನ ಬೆರಳ ಸಂದಿನಲ್ಲಿ ಆಗಲೇ ಚರ್ಮಕ್ಕೆ ತುದಿ ಇಟ್ಟಿತ್ತು. ತೆಗೆದು ಒಲೆಗೆ ಹಾಕಿದೆ. ಬಾಚಿ ಮುಗಿಸುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು. ಗಡಿಯಾರ ನೋಡಿ ಎಣಿಸಿದೆ, 22. ಕ್ಯಾಲೆಂಡರ್‌ನಲ್ಲಿ ಬರೆದೆ.